ಬನದ ಹುಣ್ಣಿಮೆಯ ಕಥೆಗಾರರು

ಕೊಳ್ಳೇಗಾಲದ ಸೀಮೆಯವನೆಂದು ಪರಸ್ಥಳದಲ್ಲಿ ಪರಿಚಯ ಹೇಳಿಕೊಂಡವನಿಗೆ, ಎದುರಿನವರ ಮುಖದಲ್ಲಿ ಕ್ಷಣಮಾತ್ರ ಸುಳಿದು ಮರೆಯಾಗುವ ಒಂದು ಬಗೆಯ ಅಳುಕು ಹೊಸದಲ್ಲ. ಧಾರವಾಡದ ಕಡೆಯ ಮದುವೆಯ ಮನೆಯೊಂದರಲ್ಲಿ ನನ್ನ ಪಕ್ಕದ ಎಲೆಗೆ ಕುಳಿತಿದ್ದ ವೃದ್ಧರೊಬ್ಬರು ನನ್ನ ಊರಿನ ಹೆಸರನ್ನು ಕೇಳಿದೊಡನೆ, ತಮಾಷೆಗೋ ನಿಜಕ್ಕೋ ತಿಳಿಯದ ಹಾಗೆ, ತಮ್ಮ ಎಲೆಯ ಮೇಲಿದ್ದ ನಿಂಬೆಯ ಹೋಳನ್ನು ನನ್ನ ಕೈಗೆ ಎಟುಕದಷ್ಟು ಅತ್ತ ಸರಿಸಿಕೊಂಡರು. ಮಾಟ, ಮದ್ದು, ವಶೀಕರಣ, ಗೊಂಬೆಗೆ ಚುಚ್ಚಿದ ಸೂಜಿ, ಹೊಸ್ತಿಲ ಬಳಿ ಹೂತಿಟ್ಟ ತಾಯಿತ ಇವೆಲ್ಲವೂ ಕೊಳ್ಳೇಗಾಲವೆಂಬ ಒಂದು ಹೆಸರಿನೊಳಗೆ ಅಡಕವಾಗಿವೆಯೆಂಬ ನಂಬಿಕೆಯನ್ನು ನಮ್ಮ ಚಲಚ್ಚಿತ್ರಗಳೂ ಬಾಡಿಗೆ ಪುಸ್ತಕದಂಗಡಿಯ ಕಾದಂಬರಿಗಳೂ ಎಷ್ಟು ಶ್ರದ್ಧೆಯಿಂದ ಬೆಳೆಸಿವೆಯೆಂದರೆ, ಈ ಊರಿನ ರೇಷ್ಮೆಯ ಸೀರೆಯನ್ನುಟ್ಟವರಿಗೂ ಅದನ್ನು ನೇಯ್ದ ಊರಿನ ವಿಷಯದಲ್ಲಿ ಮೊದಲು ನೆನಪಾಗುವುದು ಮಂತ್ರವಾದಿಯೇ.

ಭಯಾನಕ ಕಥೆಗಳನ್ನೂ, ಇನ್ನೂ ಆಗದಿರುವ ಲೋಕಗಳ ಅದ್ಭುತ ಕಥೆಗಳನ್ನೂ, ಯಾವ ಪ್ರಕಾಶಕನ ಹಂಗಿಗೂ ಒಳಗಾಗದೆ ತಮ್ಮಷ್ಟಕ್ಕೆ ತಾವು ರಚಿಸಿ ಓದುಗರಿಗೆ ಮುಟ್ಟಿಸುವ ಸ್ವತಂತ್ರ ಲೇಖಕರ ವಿಚಾರವನ್ನು ಈಚೆಗೆ ಪಾಶ್ಚಾತ್ಯ ದೇಶಗಳಲ್ಲಿ ಬಹಳವಾಗಿ ಚರ್ಚಿಸುತ್ತಾರೆ. ಅಂಥ ಲೇಖಕನೊಬ್ಬನನ್ನು ನಮ್ಮ ಕೊಳ್ಳೇಗಾಲ, ಹನೂರು, ಎಳಂದೂರುಗಳ ಆವರಣದಲ್ಲಿ ಹುಡುಕಹೊರಟರೆ ಮಂತ್ರವಾದಿಯ ಮನೆಯ ಬಾಗಿಲನ್ನು ತಟ್ಟಬೇಕಾಗಿಲ್ಲ. ಕೈಯಲ್ಲಿ ತಂಬೂರಿ ಹಿಡಿದು, ಬಗಲಿಗೆ ಜೋಳಿಗೆ ತೂಗುಹಾಕಿ, ಮನೆಮನೆಯ ಮುಂದೆ ನಿಂತು ಪದ ಹೇಳಿ, ಕೊಟ್ಟ ರಾಗಿಯನ್ನು ಕಣ್ಣಿಗೊತ್ತಿಕೊಂಡು ಮುಂದಿನ ಮನೆಗೆ ಸಾಗುವ ನೀಲಗಾರನನ್ನು ತಡೆದು ಕೂರಿಸಿಕೊಂಡರೆ ಸಾಕು.

ಈ ಸೀಮೆಯ ಸ್ಥಿತಿಯೇ ಸ್ವಲ್ಪ ವಿಚಿತ್ರವಾದುದು. ಎಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು ಮೈಸೂರಿನ ನೆರಳಿನಲ್ಲಿ ಬೆಳೆಯಿತು. ಅದಕ್ಕೆ ಕೂಗಳತೆಯಲ್ಲಿರುವ ಕೊಳ್ಳೇಗಾಲವಾದರೋ ಮದರಾಸಿನ ಆಳ್ವಿಕೆಯ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ನವೆಂಬರ್ 1ರಂದು ಕನ್ನಡ ನಾಡಿಗೆ ಬಂದಿತು. ಹನೂರು ಪ್ರತ್ಯೇಕ ತಾಲ್ಲೂಕಾದುದು ತೀರ ಈಚೆಗೆ. ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ, ಮತ್ತೊಂದು ಕಡೆ ಏಳುಮಲೆಯ ಮಾದಪ್ಪನ ಕಾಡು. ಇವುಗಳ ನಡುವೆ, ಯಾವ ಅರಮನೆಗೂ ಹತ್ತಿರವಲ್ಲದ ಹಳ್ಳಿಗಳು. ಅರಮನೆಗೆ ಹತ್ತಿರವಾದ ಕವಿತೆಯೂ ಇಲ್ಲಿ ಹುಟ್ಟದೆ ಹೋಗಲಿಲ್ಲ. ಎಳಂದೂರಿನ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದುಕೊಂಡೇ ‘ಹದಿಬದೆಯ ಧರ್ಮ’ವನ್ನು ಬರೆದಳು, ಅದೇ ಕಾಲದ ಷಡಕ್ಷರದೇವನ ಚಂಪೂಕಾವ್ಯಗಳಿಗೂ ಎಳಂದೂರಿಗೂ ಇರುವ ಸಂಬಂಧ ಪಂಡಿತರಿಗೆ ತಿಳಿದದ್ದೇ. ಆದರೆ ಅರಮನೆಯ ಊಳಿಗವೂ ಮಠದ ಆಶ್ರಯವೂ ಇಲ್ಲದೆ ಇನ್ನೊಂದು ಸಾಹಿತ್ಯ ಇದೇ ನೆಲದಲ್ಲಿ ಕತ್ತಲೆಯ ಹೊತ್ತಿನಲ್ಲಿ ಬೆಳೆಯುತ್ತಲಿತ್ತು. ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರೂ, ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯ ಗತ್ತಿನೊಡನೆ ಹಾಡುವ ದೇವರಗುಡ್ಡರೂ ಆ ಸಾಹಿತ್ಯದ ಕರ್ತೃಗಳು. ಭಕ್ತರಿಗೆ ಇವು ದೇವರ ಚರಿತ್ರೆಗಳು; ಆ ಭಕ್ತಿಗೆ ಕುಂದು ಬಾರದಂತೆ, ಕಥನಕಲೆಯ ದೃಷ್ಟಿಯಿಂದ ಮಾತ್ರ ನಾನು ಇವನ್ನು ಇಲ್ಲಿ ಪರಿಶೀಲಿಸುತ್ತಿದ್ದೇನೆ.

ನೀಲಗಾರನ ಜೀವನಕ್ರಮ ಕಠಿನವಾದುದು. ಮನೆಗೊಬ್ಬ ಮಗನನ್ನು ದೇವರಿಗೆ ಬಿಡುವ ಹರಕೆಯಿಂದಲೋ ಒಕ್ಕಲಿನ ಪದ್ಧತಿಯಿಂದಲೋ ದೀಕ್ಷೆ ಪಡೆದ ಹುಡುಗನು ಗುರುವಿನ ಹಿಂದೆ ಊರೂರು ತಿರುಗುತ್ತ, ಮೊದಲು ಹಿಮ್ಮೇಳದಲ್ಲಿ ಸೊಲ್ಲು ಕೊಡುವುದನ್ನೂ, ಆಮೇಲೆ ಡಕ್ಕೆ, ಗಗ್ಗರ, ತಾಳಗಳನ್ನೂ, ಕಡೆಗೆ ತಂಬೂರಿಯನ್ನೂ ಕೈವಶಮಾಡಿಕೊಂಡು, ಹಲವು ವರ್ಷಗಳ ತರುವಾಯ ತಾನೇ ಮುಂದಾಳಾಗಿ ಕಥೆಯನ್ನು ಎತ್ತಿಕೊಳ್ಳುವ ಅಧಿಕಾರವನ್ನು ಪಡೆಯುತ್ತಾನೆ. ಅವನಿಗೆ ಬರಹವಿಲ್ಲ, ಹಸ್ತಪ್ರತಿಯಿಲ್ಲ, ಗೌರವಧನವಿಲ್ಲ; ಕಥೆ ಚೆನ್ನಾಗಿ ಬಂದ ರಾತ್ರಿ ಜೋಳಿಗೆ ಸ್ವಲ್ಪ ಭಾರವಾಗುತ್ತದೆ, ಅಷ್ಟೆ. ಇಡೀ ಕಾವ್ಯವನ್ನು ಹಾಡಲು ಒಂದು ರಾತ್ರಿ ಸಾಲದು. ಆದಕಾರಣ ಅದನ್ನು ‘ಸಾಲು’ಗಳಾಗಿ ಒಡೆದಿಟ್ಟುಕೊಂಡಿದ್ದಾರೆ: ಕಲ್ಯಾಣದ ಸಾಲು, ಕಾರುಗಳ್ಳಿಯ ಸಾಲು, ಸಿದ್ದಪ್ಪಾಜಿಯ ಸಾಲು, ಅತ್ತ ಮಾದಪ್ಪನ ಕಡೆಗೆ ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು. ಆ ರಾತ್ರಿ ಯಾವ ಸಾಲು ಎಂಬುದನ್ನು ಹೆಚ್ಚಾಗಿ ಕೇಳುಗರೇ ನಿರ್ಧರಿಸುತ್ತಾರೆ.

ಕಲ್ಯಾಣದ ಸಾಲನ್ನು ನಾನು ಬಾಲ್ಯದಲ್ಲಿ ಮೊದಲ ಸಲ ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬಸವಣ್ಣನ ಕಲ್ಯಾಣಪಟ್ಟಣದಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು ದಿನವೂ ಪಂಕ್ತಿಗೆ ಕೂರುತ್ತಾರೆ. ಇವರಲ್ಲಿ ಹೊಟ್ಟೆಗಾಗಿ ಬಂದವರೆಷ್ಟು, ನಿಜವಾದ ಶರಣರೆಷ್ಟು ಎಂಬುದನ್ನು ಪರೀಕ್ಷಿಸಲೆಂದು ಪರಂಜ್ಯೋತಿಯಾದ ಮಂಟೇಸ್ವಾಮಿ ರೂಪ ಮರೆಸಿಕೊಂಡು ಬರುತ್ತಾನೆ. ಮೈತುಂಬ ತೊನ್ನು ಕುಷ್ಠ, ಕೀವು ಸೋರುವ ಹುಣ್ಣು, ಸುತ್ತ ಮುತ್ತಿದ ನೊಣ, ಹೆಗಲ ಮೇಲೆ ಸತ್ತ ಕರು, ಕೈಯಲ್ಲಿ ಹೆಂಡದ ಮಡಕೆ. ಕಥೆಗಾರನು ಈ ರೂಪವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದಿಲ್ಲ. ಕಾಲಿನಿಂದ ತೊಡಗಿ ಮೇಲೆ ಮೇಲೆ ಏರುತ್ತ, ಒಂದೊಂದು ಅಂಗವನ್ನೂ ಎರಡೆರಡು ಸಲ ಹೇಳಿ, ಹಿಮ್ಮೇಳದವರಿಂದ ಮೂರನೆಯ ಸಲ ಹೇಳಿಸುತ್ತಾನೆ. ಮುಂದೆ ಕುಳಿತ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಆ ದುರ್ಗಂಧ ಬೀದಿಗಿಂತ ಮುಂಚೆ ಊರನ್ನು ಹೊಗುತ್ತದೆ, ಜಂಗಮರು ಎಲೆ ಬಿಟ್ಟು ಎದ್ದು ಓಡುತ್ತಾರೆ, ಪಟ್ಟಣ ಬರಿದಾಗುತ್ತದೆ. ಕಟ್ಟಕಡೆಗೆ ಆ ಕೊಳೆತ ಮೈಯನ್ನು ಕೈಚಾಚಿ ಮುಟ್ಟಿ ಎತ್ತಿಕೊಳ್ಳುವವರು ಬಸವಣ್ಣನೂ ನೀಲಮ್ಮನೂ ಮಾತ್ರ. ಭಯಾನಕ ಮತ್ತು ಬೀಭತ್ಸಗಳೆರಡನ್ನೂ ನಮ್ಮ ಆಲಂಕಾರಿಕರು ಬೇರೆಬೇರೆ ರಸಗಳೆಂದು ಎಣಿಸಿದರು. ನಮ್ಮ ನೀಲಗಾರನಿಗೆ ಆ ಶಾಸ್ತ್ರ ತಿಳಿಯದು. ಅವನು ಎರಡನ್ನೂ ಕಲಸಿ ಕೇಳುಗನ ಮುಂದಿಟ್ಟು, ನೀನಾಗಿದ್ದರೆ ಓಡುತ್ತಿದ್ದೆಯೋ ಮುಟ್ಟುತ್ತಿದ್ದೆಯೋ ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದೆಯೇ ಕೇಳುತ್ತಾನೆ. ಕಥೆಯನ್ನು ಹೇಳುವವನು ಎಷ್ಟೋ ಸಲ ಊರಿನ ಮಿಕ್ಕವರು ಮುಟ್ಟದ ಕೇರಿಯವನೆಂಬುದನ್ನು ನೆನೆದರೆ, ಈ ಪ್ರಶ್ನೆಯ ಮೊನೆ ಎಷ್ಟು ತೀಕ್ಷ್ಣವೆಂಬುದು ಹೊಳೆಯುತ್ತದೆ.

ಆದರೂ ಈ ಸೀಮೆಯ ಅತ್ಯಂತ ಭೀಕರ ಕಥೆ ಯಾವುದೆಂದು ಕೇಳಿದರೆ ನಾನು ಸಂಕಮ್ಮನ ಸಾಲನ್ನೇ ಹೆಸರಿಸುವೆನು. ಅದರಲ್ಲಿ ದೆವ್ವವಿಲ್ಲ. ಸೋಲಿಗರ ನೀಲೇಗೌಡನು ಜೇನು ಬೇಟೆಗೆಂದು ತಿಂಗಳುಗಟ್ಟಲೆ ಮಲೆಗೆ ಹೊರಡುವವನು. ಹೊರಡುವ ಮುನ್ನ ಹೆಂಡತಿಯ ಬಲಗೈ ಭಾಷೆ ಬೇಡುತ್ತಾನೆ, ತಾನಿಲ್ಲದಾಗ ಅವಳು ಶೀಲವಂತೆಯಾಗಿ ಇರುವಳೆಂಬುದಕ್ಕೆ. ಇಷ್ಟು ವರ್ಷ ಬಾಳಿದ ಗಂಡನಿಗೆ ಆಣೆ ಇಟ್ಟು ತೋರಿಸಬೇಕಾದ ಅಗತ್ಯವೇನೆಂದು ಸಂಕಮ್ಮ ಒಲ್ಲೆನ್ನುತ್ತಾಳೆ. ಅಲ್ಲಿಂದ ಮುಂದಕ್ಕೆ ಕಥೆ ಕಾಡಿನ ನಡುವಣ ಒಂದು ಗುಡಿಸಲಿನೊಳಗೆ ಸಾಗುತ್ತದೆ. ಗಂಡನು ತನ್ನ ಹೆಂಡತಿಯ ಕೈಕಾಲುಗಳನ್ನು ಕಟ್ಟಿ, ಮಾನವನ್ನೂ ಉಳಿಸದೆ, ಅನ್ನ ನೀರಿಲ್ಲದಂತೆ ಅವಳನ್ನು ಅಲ್ಲಿ ಕೂಡಿಹಾಕಿ, ಬಾಗಿಲನ್ನು ಭದ್ರಪಡಿಸಿ, ಜೇನಿಗೆ ಹೊರಟುಹೋಗುತ್ತಾನೆ. ಹಾಡುಗಾರನಿಂದ ಹಾಡುಗಾರನಿಗೆ ಈ ಹಿಂಸೆಯ ವಿವರಗಳು ಬದಲಾಗುತ್ತವೆ, ಆದರೆ ಯಾರೂ ಅದನ್ನು ಬೇಗ ಹೇಳಿ ಮುಗಿಸಿದ್ದನ್ನು ನಾನು ಕೇಳಿಲ್ಲ. ಮಾದಪ್ಪನು ಅವಳ ಮೊರೆಯನ್ನು ಕೇಳಿ ಬಂದು, ಕಟ್ಟು ಬಿಡಿಸಿ, ಮಕ್ಕಳಿಲ್ಲದ ಅವಳಿಗೆ ಕಾರಯ್ಯ ಬಿಲ್ಲಯ್ಯರೆಂಬ ಇಬ್ಬರು ಮಕ್ಕಳ ಫಲವನ್ನು ಕೊಡುವುದೂ, ಹಿಂದಿರುಗಿದ ಗಂಡನು ಆ ಮಕ್ಕಳ ವಿಷಯದಲ್ಲಿಯೂ ಸಂಶಯಪಡುವುದೂ, ಅವಳು ಮತ್ತೆ ಪರೀಕ್ಷೆಗಳಿಗೆ ಒಳಗಾಗುವುದೂ ಮುಂದಿನ ಭಾಗ. ಗಂಡನ ಸಂಶಯಕ್ಕಿಂತ ಘೋರವಾದ ರಾಕ್ಷಸನನ್ನು ಈ ಕಾವ್ಯ ಎಲ್ಲಿಯೂ ಕಾಣಿಸಿಲ್ಲ. ಎಳಂದೂರಿನ ಹೊನ್ನಮ್ಮ ಸತಿಧರ್ಮವನ್ನು ಸಾಂಗತ್ಯದಲ್ಲಿ ಉಪದೇಶಿಸಿದಳು. ಅವಳ ಊರಿಗೆ ಒಂದೆರಡು ದಿನದ ಹಾದಿಯಷ್ಟು ದೂರದ ಮಲೆಯಲ್ಲಿ ಹಾಡುಗಾರನು ಅದೇ ಧರ್ಮದ ಹೆಸರಿನಲ್ಲಿ ಗುಡಿಸಲೊಂದರೊಳಗೆ ಏನು ನಡೆಯಬಲ್ಲದೆಂಬುದನ್ನು ಹೇಳಿದನು. ಈ ಎರಡನ್ನೂ ಒಟ್ಟಿಗೆ ಓದಿಸುವ ಪಠ್ಯಪುಸ್ತಕವನ್ನು ನಾನು ಕಂಡಿಲ್ಲ.

ಇನ್ನು ವಿಜ್ಞಾನದ ಕಲ್ಪನೆಯ ವಿಚಾರ. ಇಂಗ್ಲೆಂಡಿನ ಮೇರಿ ಷೆಲ್ಲಿ ತನ್ನ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನು 1818ರಲ್ಲಿ, ಹೆಸರನ್ನೂ ಹಾಕದೆ ಪ್ರಕಟಿಸಿದಾಗ, ಮನುಷ್ಯನು ತನ್ನ ಕೈಚಳಕದಿಂದ ನಿರ್ಮಿಸಿದ ವಸ್ತುವೇ ಅವನಿಗೆ ಮೃತ್ಯುವಾದೀತೆಂಬ ಒಂದು ಹೊಸ ಭಯ ಸಾಹಿತ್ಯದೊಳಕ್ಕೆ ಕಾಲಿಟ್ಟಿತೆಂದು ವಿಮರ್ಶಕರು ಹೇಳುತ್ತಾರೆ. ಆ ಬಗೆಯ ಭಯದ ಒಂದು ದೇಶೀಯ ರೂಪ ಮಾದೇಶ್ವರನ ಕಾವ್ಯದ ಶ್ರವಣದೊರೆಯ ಪ್ರಸಂಗದಲ್ಲಿದೆ. ಬಂಕಾಪುರಿಯ ಶ್ರವಣನು ದೇವತೆಗಳನ್ನೆಲ್ಲ ಸೆರೆಹಿಡಿದು ಮನೆಯ ಕಸಮುಸುರೆಯ ಕೆಲಸಕ್ಕೆ ಹಚ್ಚಿಕೊಂಡಿರುವ ದೊರೆ. ಅವನನ್ನು ಆಯುಧದಿಂದ ಕೊಲ್ಲುವುದು ಅಸಾಧ್ಯ. ಮಾದಪ್ಪ ಅವನ ಮೇಲೆ ದಂಡೆತ್ತಿ ಹೋಗುವುದಿಲ್ಲ. ಮಾದಿಗರ ಹರಳಯ್ಯನಿಂದ ಅರಗಿನ ಪಾದರಕ್ಷೆಗಳನ್ನು ಮಾಡಿಸಿ, ಅವುಗಳ ಅಂದಕ್ಕೆ ಮರುಳಾದ ದೊರೆಯೇ ಆಸೆಪಟ್ಟು ಮೆಟ್ಟಿಕೊಳ್ಳುವಂತೆ ಮಾಡುತ್ತಾನೆ. ಮೆಟ್ಟಿದ ಮೇಲೆ ಅವು ಕಾಲಿಗೆ ಅಂಟುತ್ತವೆ, ಕಾವಿಗೆ ಕರಗುತ್ತವೆ, ಉರಿಯುತ್ತವೆ. ರಾಕ್ಷಸವಧೆಗೆ ಒದಗಿದ್ದು ಚರ್ಮಕಾರನ ವಿದ್ಯೆ. ಇಂದಿಗೂ ಬಿಳಿಗಿರಿರಂಗನಿಗೆ ಬೂದಿಪಡಗದ ಚರ್ಮಕಾರರು ದೊಡ್ಡ ಚಮ್ಮಾವುಗೆಗಳನ್ನು ಹೊಲಿದು ಒಪ್ಪಿಸುವ ಪದ್ಧತಿಯುಂಟು. ಈ ಬೆಟ್ಟಗಳ ದೇವರುಗಳಿಗೂ ಪಾದರಕ್ಷೆ ಮಾಡುವವರಿಗೂ ಇರುವ ಸಲುಗೆಯ ವಿಚಾರವನ್ನೇ ಪ್ರತ್ಯೇಕವಾಗಿ ಬರೆಯಬಹುದು.

ಮಂಟೇಸ್ವಾಮಿಯ ಕಾವ್ಯದಲ್ಲಿ ಈ ಆಸಕ್ತಿ ಇನ್ನೂ ಸ್ಪಷ್ಟವಾಗಿದೆ. ಪಾಂಚಾಳರ ಮನೆಯ ಹುಡುಗ ಕೆಂಪಣ್ಣನು ಸಿದ್ದಪ್ಪಾಜಿಯಾಗಿ, ಹಲಗೂರಿನ ಕಮ್ಮಾರರ ಬಳಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಕುಲುಮೆಯ ಒಡೆಯರು ಕೊಡಲೊಲ್ಲರು. ವಿಷವನ್ನು ಉಣ್ಣಿಸುತ್ತಾರೆ, ಸುಣ್ಣದ ಗೂಡಿಗೆ ನೂಕುತ್ತಾರೆ, ಕಾಸಿದ ಕಬ್ಬಿಣವನ್ನು ಹಿಡಿಯೆನ್ನುತ್ತಾರೆ. ಒಂದು ಕಾಲದಲ್ಲಿ ಲೋಹದ ವಿದ್ಯೆಯನ್ನು ಕೈಯಲ್ಲಿಟ್ಟುಕೊಂಡವರು ಅದಿಲ್ಲದವರ ಮೇಲೆ ಎಷ್ಟು ಅಧಿಕಾರ ನಡೆಸಬಲ್ಲವರಾಗಿದ್ದರೆಂಬುದನ್ನು ಇಷ್ಟು ಪ್ರತ್ಯಕ್ಷವಾಗಿ ಹೇಳುವ ಬೇರೊಂದು ಕನ್ನಡ ಕೃತಿ ನನಗೆ ತಿಳಿಯದು. ಜಗತ್ತು ಇಲ್ಲದಿದ್ದಾಗಿನ ಕತ್ತಲೆಯಿಂದ ತೊಡಗಿ ಜ್ಯೋತಿ, ಶಕ್ತಿ, ನೆಲ, ನೀರುಗಳು ಒಂದೊಂದಾಗಿ ಹುಟ್ಟುವುದನ್ನು ಹಾಡುವ ಈ ಪರಂಪರೆಯಲ್ಲಿ, ಇನ್ನೊಂದು ತುದಿಗೆ ಕಾಲಜ್ಞಾನದ ಮಾತುಗಳೂ ಇವೆ: ಮುಂದೆ ಬರುವ ಕಾಲ ಹೇಗಿದ್ದೀತು, ಯಾರು ಏಳುವರು, ಯಾರು ಬೀಳುವರು ಎಂಬ ಮುನ್ನುಡಿಗಳು. ಭವಿಷ್ಯತ್ತನ್ನು ವಿಷಯವಾಗಿಟ್ಟುಕೊಂಡ ಸಾಹಿತ್ಯ ಕನ್ನಡಕ್ಕೆ ಎಚ್. ಜಿ. ವೆಲ್ಸ್ ಬಂದ ಮೇಲೆ ಬಂದುದೆಂದು ಬರೆಯುವವರು ಈ ಕಡೆಗೆ ಒಮ್ಮೆ ತಿರುಗಿ ನೋಡುವುದು ಒಳ್ಳೆಯದು.

ಆ ಭವಿಷ್ಯತ್ತು ಬೇರೊಂದು ರೂಪದಲ್ಲಿ ಈ ಊರುಗಳ ಪಕ್ಕದಲ್ಲಿಯೇ ಬಂದಿಳಿಯಿತೆಂಬುದೂ ನೆನಪಿಡತಕ್ಕ ಸಂಗತಿ. ಕೊಳ್ಳೇಗಾಲದ ಅಂಚಿನಲ್ಲಿರುವ ಶಿವನಸಮುದ್ರದ ಜಲಪಾತದಿಂದ 1902ರಲ್ಲಿ ವಿದ್ಯುತ್ತನ್ನು ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಸಾಗಿಸಲಾಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ತಂತಿ ತಮ್ಮ ಹೊಲಗಳ ಆಚೆಗೆ ಹಾದುಹೋದುದನ್ನು ನೋಡಿದ ಹಳ್ಳಿಗಳಲ್ಲಿ ನೀಲಗಾರನು ಬಹುಕಾಲ ಹರಳೆಣ್ಣೆಯ ದೀಪದ ಮುಂದೆಯೇ ಕುಳಿತು ಪರಂಜ್ಯೋತಿಯ ಕಥೆಯನ್ನು ಹಾಡಿದನು.

ಈ ಕಥೆಗಾರರ ಕೃತಿಗಳು ಅಚ್ಚಿಗೆ ಬಂದುದು ತಡವಾಗಿ. 1973ರಲ್ಲಿ ಮಂಟೇಸ್ವಾಮಿಯ ಕಥೆಯಾದ, ಜೀ. ಶಂ. ಪರಮಶಿವಯ್ಯನವರ ‘ಧರೆಗೆ ದೊಡ್ಡವರ ಕತೆ’ಯೂ ಪಿ. ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ವೂ ಹೊರಬಂದವು. ತರುವಾಯ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಹಿ. ಚಿ. ಬೋರಲಿಂಗಯ್ಯನವರು ಮಂಟೇಸ್ವಾಮಿಯ ಕಾವ್ಯವನ್ನೂ, ಕೆ. ಕೇಶವನ್ ಪ್ರಸಾದ್ ಅವರು ಮಾದೇಶ್ವರನ ಕಾವ್ಯವನ್ನೂ ಸಂಪಾದಿಸಿದರು, ಎರಡನೆಯದನ್ನು ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರು ಇಂಗ್ಲಿಷಿಗೆ ಅನುವಾದಿಸಿ ಸಾಹಿತ್ಯ ಅಕಾಡೆಮಿಯಿಂದ ಪ್ರಕಟಿಸಿದರು. ಆ ಪುಸ್ತಕದಲ್ಲಿ ಇದು ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದೆಂದು ಸ್ಪಷ್ಟವಾಗಿ ನಮೂದಿಸಿದ್ದಾರೆ. ಇದನ್ನು ಸಣ್ಣ ವಿಷಯವೆಂದು ಯಾರೂ ಭಾವಿಸಬಾರದು. ಜನಪದ ಸಾಹಿತ್ಯಕ್ಕೆ ಕರ್ತೃವಿಲ್ಲವೆಂಬ ಮಾತನ್ನು ಪಂಡಿತರು ಔದಾರ್ಯದಿಂದ ಹೇಳುತ್ತಾರಾದರೂ, ಅದರ ಫಲವಾಗಿ ಸಂಪಾದಕನ ಹೆಸರು ರಕ್ಷಾಪುಟದ ಮೇಲೂ ರಾತ್ರಿಯಿಡೀ ಹಾಡಿದವನ ಹೆಸರು ಮುನ್ನುಡಿಯ ಕೊನೆಯ ಸಾಲಿನಲ್ಲೂ ಬೀಳುವುದನ್ನು ನಾನು ಹಲವು ಪುಸ್ತಕಗಳಲ್ಲಿ ಕಂಡಿದ್ದೇನೆ. ಸಂಕಮ್ಮನ ಗುಡಿಸಲಿನ ಮುಂದೆ ಕಥೆಯನ್ನು ಎಷ್ಟು ಹೊತ್ತು ನಿಲ್ಲಿಸಬೇಕು, ಯಾವ ಮಾತಿಗೆ ತಂಬೂರಿಯನ್ನು ಸುಮ್ಮನಾಗಿಸಬೇಕು ಎಂಬುದನ್ನು ನಿರ್ಧರಿಸುವವನು ಲೇಖಕನಲ್ಲದಿದ್ದರೆ ಇನ್ನಾರು ಲೇಖಕರು?

ಇದೇ ಕಾಡುಗಳ ಭಯವನ್ನು ಇಂಗ್ಲಿಷಿನಲ್ಲಿ ಬರೆದು ಲೋಕಪ್ರಸಿದ್ಧನಾದವನೊಬ್ಬನಿದ್ದಾನೆ, ಅವನನ್ನೂ ಹೆಸರಿಸದಿದ್ದರೆ ಲೋಪವಾದೀತು. 1910ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ ಕೆನ್ನೆತ್ ಆಂಡರ್ಸನ್, ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ, ಬಿಡುವಾದಾಗಲೆಲ್ಲ ಕಾವೇರಿಯ ಇಕ್ಕೆಲದ ಕಾಡುಗಳಲ್ಲಿ ಅಲೆದು, 1954ರಿಂದ ಮೊದಲ್ಗೊಂಡು ನರಭಕ್ಷಕಗಳ ಕಥೆಗಳನ್ನು ಬರೆದನು. ಪೂರ್ಣಚಂದ್ರ ತೇಜಸ್ವಿಯವರು ಅವನ್ನು ‘ಕಾಡಿನ ಕಥೆಗಳು’ ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದರು. ಅವನ ಕಥೆಗಳಲ್ಲಿ ಕತ್ತಲೆಯಲ್ಲಿ ಒಬ್ಬನೇ ಕುಳಿತವನ ಬೆನ್ನಹುರಿಯ ತಣ್ಣನೆಯ ಅನುಭವವಿದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಕೋವಿ ಅವನ ಕೈಯಲ್ಲಿದೆ. ನೀಲಗಾರನ ಕಥೆಯನ್ನು ಕೇಳುವವನ ಕೈಯಲ್ಲಿ ಏನೂ ಇರುವುದಿಲ್ಲವಾದುದರಿಂದ ಅವನ ಭಯಕ್ಕೆ ಬೇರೆಯೇ ಒಂದು ಆಳ.

ನಿಂಬೆಯ ಹೋಳಿನ ವಿಚಾರಕ್ಕೆ ಮರಳುತ್ತೇನೆ. ಮಾಟದ ಹೆಸರಿನಲ್ಲಿ ದುಃಖಿತರ ಹಣವನ್ನು ಸುಲಿಯುವವರು ಈ ಸೀಮೆಯಲ್ಲಿ ಇಲ್ಲವೆಂದು ವಾದಿಸಲಾರೆ. ಅವರು ಎಲ್ಲ ಸೀಮೆಗಳಲ್ಲಿಯೂ ಇದ್ದಾರೆ, ಇಲ್ಲಿಯವರಿಗೆ ಊರಿನ ಹೆಸರೇ ಬಿಟ್ಟಿ ಜಾಹೀರಾತು. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯುವ ಕಾನೂನನ್ನು ನಮ್ಮ ಶಾಸನಸಭೆ 2017ರಲ್ಲಿ ಅಂಗೀಕರಿಸಿತು, 2020ರಲ್ಲಿ ಅದು ಜಾರಿಗೆ ಬಂದಿತು. ಆದರೆ ಈ ನೆಲವನ್ನು ನಿಜವಾಗಿ ನಡುಗಿಸಿದುದು ಯಾವ ಮಂತ್ರವೂ ಅಲ್ಲ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ಬೆರೆಸಿದ ಕೀಟನಾಶಕದಿಂದ ಹದಿನೇಳು ಮಂದಿ ಪ್ರಾಣ ಬಿಟ್ಟರು. ಕೈಮುಗಿದು ಸಾಲಾಗಿ ನಿಂತು ಪಡೆದ ತುತ್ತು. ಸಿದ್ದಪ್ಪಾಜಿಗೆ ಉಣ್ಣಿಸಿದ ವಿಷದ ಕಥೆಯನ್ನು ತಲೆಮಾರುಗಳಿಂದ ಕೇಳುತ್ತ ಬಂದ ಜನ ಇವರು. ಆ ಹದಿನೇಳು ಮಂದಿಯ ಸಾಲನ್ನು ಕಟ್ಟಿ ಹಾಡಿದ ಕಥೆಗಾರನನ್ನು ನಾನು ಇನ್ನೂ ಕೇಳಿಲ್ಲ.

ಪುಷ್ಯಮಾಸದ ಬನದ ಹುಣ್ಣಿಮೆಯಂದು ಇದೇ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ ತೊಡಗುತ್ತದೆ. ಮೊದಲ ರಾತ್ರಿ ಬಿದಿರು ಬಟ್ಟೆಗಳ ಚಂದ್ರಮಂಡಲಕ್ಕೆ ಬೆಂಕಿ ಮುಟ್ಟಿಸುತ್ತಾರೆ. ಅದು ಯಾವ ದಿಕ್ಕಿಗೆ ಹೆಚ್ಚು ಉರಿಯಿತೆಂಬುದನ್ನು ನೋಡಿ ಆ ವರ್ಷ ಎಲ್ಲಿ ಬೆಳೆ ಚೆನ್ನಾಗಿ ಆದೀತೆಂದು ಹೇಳುತ್ತಾರೆ. ಐದು ದಿನಗಳ ಆ ಜಾತ್ರೆಯಲ್ಲಿ ಬಯಲಿನ ತುಂಬ ಬಿಡಾರಗಳು, ಅಲ್ಲಲ್ಲಿ ತಂಬೂರಿಯ ನಾದ. ಓದುಗರಲ್ಲಿ ಯಾರಿಗಾದರೂ ಅನುಕೂಲವಾದರೆ ಒಮ್ಮೆ ಹೋಗಿಬನ್ನಿ. ಚಳಿ ಬಹಳ ಇರುತ್ತದೆ; ಕಂಬಳಿಯೊಂದನ್ನು ತಪ್ಪದೆ ತೆಗೆದುಕೊಂಡು ಹೋಗಿ, ಯಾವುದಾದರೂ ಒಂದು ಮೇಳದ ಮುಂದೆ ಕುಳಿತು, ಕಥೆಗಾರನ ಹೆಸರನ್ನೂ ಊರನ್ನೂ ಮೊದಲು ಕೇಳಿ ತಿಳಿದುಕೊಂಡು, ಆಮೇಲೆ ಸಾಲನ್ನು ಕೇಳಿ.